ಹಾರ್ಟ್ ಆಪರೇಷನ್ ನಂತರ ಎಕ್ಮೋ ಇಟ್ಟರೆ ಮನೆಯವರು ಮಾಡಬೇಕಾದ್ದೇನು? ಕಾಸರಗೋಡಿನವರಿಗೆ ಒಂದು ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆಯವರಿಗೆ ಹಾರ್ಟಿನ ಆಪರೇಷನ್ ಎಂದರೆ ಹೆಚ್ಚಾಗಿ ಮಂಗಳೂರು. ಕೆಲವರು ಪರಿಯಾರಕ್ಕೋ ಕಲ್ಲಿಕೋಟೆಗೋ ಹೋಗುತ್ತಾರೆ. ಇನ್ನು ಕೆಲವರು ರಾತ್ರಿ ರೈಲು ಹತ್ತಿ ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆ ತನಕ ಹೋಗುತ್ತಾರೆ. ಎಲ್ಲಿ ಹೋದರೂ ಬಹುತೇಕ ಜನರದ್ದು ಒಂದೇ ಥರ. ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಆಗುತ್ತದೆ. ಅದೇ ರಾತ್ರಿಯೋ ಮರುದಿನವೋ ಬಾಯಿಯ ಟ್ಯೂಬ್ ತೆಗೆಯುತ್ತಾರೆ. ಎರಡು ಮೂರು ದಿನದಲ್ಲಿ ವಾರ್ಡಿಗೆ ಬರುತ್ತಾರೆ, ವಾರ ಹತ್ತು ದಿನದಲ್ಲಿ ಮನೆಗೆ.

ನೂರರಲ್ಲಿ ಸುಮಾರು ಒಬ್ಬರಿಗೆ ಹೀಗಾಗುವುದಿಲ್ಲ. ಆಪರೇಷನ್ ಮುಗಿದಿರುತ್ತದೆ, ಆದರೆ ಹಾರ್ಟ್ ಸರಿಯಾಗಿ ಪಂಪ್ ಮಾಡುವುದಿಲ್ಲ. ಆಗ ಡಾಕ್ಟರು ಹೊರಗೆ ಬಂದು "ಎಕ್ಮೋ ಇಡಬೇಕಾಗುತ್ತದೆ, ಸೈನ್ ಮಾಡಿ" ಅನ್ನುತ್ತಾರೆ. ಎಕ್ಮೋ ಅಂದರೆ ಹಾರ್ಟು ಮತ್ತು ಶ್ವಾಸಕೋಶದ ಕೆಲಸವನ್ನು ಕೆಲವು ದಿನ ಮೈಯ ಹೊರಗಿನಿಂದ ಮಾಡುವ ಮೆಷಿನ್. ಮನೆಯವರಿಗೆ ಆ ಹೆಸರೇ ಹೊಸದು. ಹೊರಗಿನ ಬೆಂಚಿನಲ್ಲಿ ಕೂತು ಮೊಬೈಲ್‌ನಲ್ಲಿ ಹುಡುಕುತ್ತಾರೆ, ಓದಿದಷ್ಟೂ ಹೆದರಿಕೆ ಜಾಸ್ತಿಯಾಗುತ್ತದೆ.

ನಾನು ಇಂಥವರನ್ನು ನೋಡಿಕೊಳ್ಳುವ ಐಸಿಯುನಲ್ಲಿ ನರ್ಸ್. ಊರು ಪೆರ್ಲದ ಹತ್ತಿರ. ಹೊರಗೆ ಕಾಯುವವರು ಕೇಳುವ ಪ್ರಶ್ನೆಗಳನ್ನು, ಅವರು ಕೇಳಬೇಕಿದ್ದೂ ಕೇಳದೆ ಬಿಟ್ಟವುಗಳನ್ನು ಇಲ್ಲಿ ಸೇರಿಸಿದ್ದೇನೆ. ಒಂದು ವಿಷಯ ಮೊದಲೇ ಹೇಳುತ್ತೇನೆ. ಎಕ್ಮೋ ಹಾರ್ಟನ್ನು ಗುಣ ಮಾಡುವುದಿಲ್ಲ. ಮುರಿದ ಕೈಗೆ ಹಾಕುವ ಪ್ಲಾಸ್ಟರ್ ಎಲುಬನ್ನು ಕೂಡಿಸುತ್ತದಾ? ಎಲುಬು ತಾನಾಗಿ ಕೂಡುವವರೆಗೆ ಅಲುಗದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಎಕ್ಮೋ ಕೊಡುವುದೂ ಸಮಯವನ್ನೇ. ಆ ಸಮಯದಲ್ಲಿ ಏನು ಸರಿಯಾಗಬೇಕು, ಅದು ಆಗುತ್ತಾ ಉಂಟಾ ಇಲ್ವಾ ಅನ್ನುವುದು ಮನೆಯವರಿಗೆ ದಿನಾ ಗೊತ್ತಿರಬೇಕು. ಈ ಲೇಖನ ಬರೆದದ್ದೇ ಅದಕ್ಕೆ.

1. ಆಪರೇಷನ್‌ಗೆ ಮೊದಲೇ ಕೇಳಿ

ತುರ್ತು ಆಪರೇಷನ್ ಅಲ್ಲದಿದ್ದರೆ ನಿಮಗೆ ಸ್ವಲ್ಪ ಸಮಯ ಸಿಗುತ್ತದೆ. ಎಕೋ ಅಂದರೆ ಹಾರ್ಟಿನ ಸ್ಕ್ಯಾನಿನ ರಿಪೋರ್ಟಿನಲ್ಲಿ ಇಎಫ್ ಅಂತ ಒಂದು ಅಂಕೆ ಇರುತ್ತದೆ. ಹಾರ್ಟ್ ಒಂದು ಸಲ ಹಿಂಡಿದಾಗ ಒಳಗಿನ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಸಾಮಾನ್ಯವಾಗಿ 55ರಿಂದ 70ರ ಒಳಗಿರುತ್ತದೆ. 35ಕ್ಕಿಂತ ಕಡಿಮೆ ಇದ್ದರೆ, ಹಾರ್ಟ್ ಅಟ್ಯಾಕ್ ಆದ ಕೂಡಲೇ ಆಪರೇಷನ್ ಮಾಡುವುದಾದರೆ, ಎರಡನೇ ಸಲ ಎದೆ ತೆರೆಯುವುದಾದರೆ, ಅಥವಾ ಬೈಪಾಸ್ ಮತ್ತು ವಾಲ್ವ್ ಎರಡೂ ಒಟ್ಟಿಗೆ ಮಾಡುವುದಾದರೆ ಅಪಾಯ ಹೆಚ್ಚು. ಹಾಗಿದ್ದರೆ ನೇರವಾಗಿ ಕೇಳಿ: "ಡಾಕ್ಟ್ರೇ, ಹಾರ್ಟ್ ಪಿಕಪ್ ಆಗದಿದ್ದರೆ ಏನು ಮಾಡ್ತೀರಿ? ಎಕ್ಮೋ ಇಲ್ಲಿಯೇ ಉಂಟಾ? ರಾತ್ರಿ ಹೊತ್ತಲ್ಲೂ ಅದನ್ನು ನಡೆಸುವವರು ಇರ್ತಾರಾ?"

ಹೀಗೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ನಮ್ಮವರು ಸುಮ್ಮನಿರುತ್ತಾರೆ. ಒಳ್ಳೆಯ ಸರ್ಜನ್ ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ತಿನ್ನುವ ಮಾತ್ರೆ, ಕಷಾಯ, ಅರಿಷ್ಟ ಎಲ್ಲವನ್ನೂ ಹೇಳಿ. ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿನ್ನುವ ಅಭ್ಯಾಸ, ಬೀಡಿ, ಕುಡಿತ ಯಾವುದನ್ನೂ ಮುಚ್ಚಿಡಬೇಡಿ. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದಾಗ ಎರಡು ಮೂರನೇ ದಿನಕ್ಕೆ ಗೊಂದಲ, ನಡುಕ, ಕೂಗಾಟ ಶುರುವಾಗಬಹುದು. ಗೊತ್ತಿದ್ದರೆ ನಾವು ಮೊದಲೇ ಔಷಧಿ ಕೊಡುತ್ತೇವೆ. ಗೊತ್ತಿಲ್ಲದಿದ್ದರೆ ಮೆದುಳಿಗೆ ಏನೋ ಆಯಿತು ಅಂತ ಸ್ಕ್ಯಾನಿಗೆ ಓಡಬೇಕಾಗುತ್ತದೆ.

2. ಇಟ್ಟಿರುವುದು ಯಾವ ಮೆಷಿನ್ ಅಂತ ತಿಳಿದುಕೊಳ್ಳಿ

ಹೊರಗೆ ಎಲ್ಲರೂ "ಮೆಷಿನ್‌ನಲ್ಲಿ ಇಟ್ಟಿದ್ದಾರೆ" ಅಂತಲೇ ಹೇಳುವುದು. ಆದರೆ ಮೆಷಿನ್‌ಗಳು ಬೇರೆ ಬೇರೆ. ಒಂದೊಂದರ ಅರ್ಥವೂ ಬೇರೆ.

ಆಪರೇಷನ್ ಥಿಯೇಟರಿನಲ್ಲಿ ಹಾರ್ಟನ್ನು ನಿಲ್ಲಿಸಿ ಹೊಲಿಗೆ ಹಾಕುವಾಗ ಹಾರ್ಟ್-ಲಂಗ್ ಮೆಷಿನ್ ಇರುತ್ತದೆ. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಸರ್ಜನ್ ಇದನ್ನಿಟ್ಟು ಮೊದಲ ಸಲ ಯಶಸ್ವಿಯಾಗಿ ಆಪರೇಷನ್ ಮಾಡಿದರು. ಆ ದಿನ ಹಾರ್ಟು ಮತ್ತು ಶ್ವಾಸಕೋಶದ ಕೆಲಸವನ್ನು ಆ ಮೆಷಿನ್ 26 ನಿಮಿಷ ಮಾಡಿತ್ತು. ಈಗಲೂ ಅದು ಕೆಲವು ಗಂಟೆಗಳ ಕೆಲಸಕ್ಕೆ ಮಾತ್ರ. ಆಪರೇಷನ್ ಮುಗಿದ ಕೂಡಲೇ ತೆಗೆಯುತ್ತಾರೆ.

ವೆಂಟಿಲೇಟರ್ ಬಾಯಿಯ ಟ್ಯೂಬಿನ ಮೂಲಕ ಶ್ವಾಸಕೋಶಕ್ಕೆ ಗಾಳಿ ತಳ್ಳುತ್ತದೆ. ಹಾರ್ಟಿಗೆ ಅದರಿಂದ ನೇರ ಸಹಾಯ ಇಲ್ಲ. ಹಾರ್ಟ್ ಆಪರೇಷನ್ ಆದ ಬಹುತೇಕ ಎಲ್ಲರಿಗೂ ಮೊದಲ ಕೆಲವು ಗಂಟೆ ಇದು ಇದ್ದೇ ಇರುತ್ತದೆ. ಅಷ್ಟಕ್ಕೇ ಹೆದರಬೇಡಿ.

ಹಾರ್ಟ್ ದುರ್ಬಲ ಅನಿಸಿದಾಗ ಮೊದಲು ಔಷಧಿ ಹಾಕುತ್ತಾರೆ. ಅಡ್ರಿನಲಿನ್, ನಾರ್ ಅಡ್ರಿನಲಿನ್, ಡೊಬ್ಯುಟಮಿನ್, ಮಿಲ್ರಿನೋನ್ ಅಂತ ಹೆಸರುಗಳು. ಮಂಚದ ಪಕ್ಕ ಸಾಲಾಗಿ ಸಣ್ಣ ಸಣ್ಣ ಸಿರಿಂಜ್ ಪಂಪ್‌ಗಳು ಕಾಣುತ್ತವಲ್ಲ, ಅವುಗಳಲ್ಲಿ ಹೋಗುವುದು ಇದೇ. ಗಂಟೆಗೆ ಎಷ್ಟು ಎಂಎಲ್ ಅಂತ ಅದರ ಮೇಲೆಯೇ ಕಾಣುತ್ತದೆ.

ಅದೂ ಸಾಕಾಗದಿದ್ದರೆ ಬಲೂನ್ ಪಂಪ್ ಇಡಬಹುದು. ತೊಡೆಯ ಸಂದಿನಿಂದ ಉದ್ದದ ಬಲೂನನ್ನು ಮಹಾಪಧಮನಿಯೊಳಗೆ ಕೂರಿಸುತ್ತಾರೆ. ಹಾರ್ಟ್ ಬಿಡುವು ಪಡೆಯುವಾಗ ಅದು ಉಬ್ಬಿ ಹಾರ್ಟಿನದೇ ರಕ್ತನಾಳಗಳಿಗೆ ರಕ್ತ ತಳ್ಳುತ್ತದೆ. ಹಾರ್ಟ್ ಹಿಂಡುವ ಮೊದಲು ಕುಗ್ಗಿ ಅದರ ಹೊರೆ ಇಳಿಸುತ್ತದೆ. ಬಲೂನಿಗೆ ತುಂಬುವುದು ಹೀಲಿಯಂ ಗ್ಯಾಸ್. ಬಲೂನ್ ಇರುವಾಗ ಆ ಕಾಲು ಮಡಚಬಾರದು, ಎದ್ದು ಕೂರಬಾರದು. ಅಪ್ಪ ಕಾಲು ಮಡಚಲು ಹೋದರೆ "ಪಾಪ, ನೋವಾಗ್ತದೆ, ಬಿಡಿ" ಅನ್ನಬೇಡಿ. ನರ್ಸನ್ನು ಕರೆಯಿರಿ.

ಎಲ್ಲದರ ಆಚೆಗೆ ಎಕ್ಮೋ. ದೊಡ್ಡ ಸಿರೆಯಿಂದ ರಕ್ತ ಹೊರಗೆ ಎಳೆದು, ಒಂದು ಪಂಪಿನ ಮೂಲಕ ಆಕ್ಸಿಜನೇಟರ್ ಎಂಬ ಡಬ್ಬಿಗೆ ಕಳಿಸಿ, ಮತ್ತೆ ದೊಡ್ಡ ಧಮನಿಗೆ ಒಳಗೆ ಬಿಡುತ್ತದೆ. ಆ ಡಬ್ಬಿಯೊಳಗೆ ನೂಲಿನಷ್ಟು ಸಣ್ಣ ಟೊಳ್ಳು ಎಳೆಗಳು ಸಾವಿರಾರು ಇರುತ್ತವೆ. ಎಳೆಯ ಒಳಗೆ ಆಮ್ಲಜನಕ, ಹೊರಗೆ ರಕ್ತ. ಎರಡೂ ನೇರ ಮುಟ್ಟುವುದಿಲ್ಲ, ಗೋಡೆಯ ಮೂಲಕ ವಿನಿಮಯ ಆಗುತ್ತದೆ. ಹಳೇ ಮೆಷಿನ್‌ಗಳಲ್ಲಿ ಗಾಳಿ ಮತ್ತು ರಕ್ತ ನೇರ ಬೆರೆಯುತ್ತಿತ್ತು, ಗಂಟೆಗಳಲ್ಲೇ ರಕ್ತ ಹಾಳಾಗುತ್ತಿತ್ತು. ಈ ತೆಳು ಪೊರೆ ಬಂದ ಮೇಲೆಯೇ ದಿನಗಟ್ಟಲೆ ನಡೆಸಲು ಸಾಧ್ಯವಾಯಿತು. ದೊಡ್ಡವರೊಬ್ಬರು ಇದರಿಂದ ಮೊದಲು ಬದುಕಿ ಬಂದದ್ದು 1971ರಲ್ಲಿ. 1975ರಲ್ಲಿ ರಾಬರ್ಟ್ ಬಾರ್ಟ್‌ಲೆಟ್ ಎಂಬ ಸರ್ಜನ್ ಒಂದು ಹಸುಗೂಸನ್ನು ಇದರಲ್ಲಿಟ್ಟು ಉಳಿಸಿದರು.

ಎಕ್ಮೋದಲ್ಲೂ ಎರಡು ಬಗೆ. ಶ್ವಾಸಕೋಶ ಮಾತ್ರ ಸೋತಿದ್ದರೆ ಸಿರೆಯಿಂದ ತೆಗೆದು ಸಿರೆಗೇ ಬಿಡುತ್ತಾರೆ. ಅದು ವಿವಿ ಎಕ್ಮೋ, ಕೊರೊನಾ ಸಮಯದಲ್ಲಿ ಹೆಚ್ಚು ಕೇಳಿದ್ದು. ಹಾರ್ಟ್ ಆಪರೇಷನ್ ಆದವರಿಗೆ ಹೆಚ್ಚಾಗಿ ಬೇಕಾಗುವುದು ಸಿರೆಯಿಂದ ಧಮನಿಗೆ ಹೋಗುವ ವಿಎ ಎಕ್ಮೋ. ಇದು ಹಾರ್ಟಿಗೂ ಶ್ವಾಸಕೋಶಕ್ಕೂ ಎರಡಕ್ಕೂ ಆಧಾರ. ಡಾಕ್ಟರ ಹತ್ತಿರ "ವಿಎಯಾ, ವಿವಿಯಾ?" ಅಂತ ಕೇಳಿ. ನಿಮಗೆ ವಿಷಯ ಸ್ವಲ್ಪ ಗೊತ್ತಿದೆ ಅಂತ ಕಂಡರೆ ಅವರೂ ಬಿಡಿಸಿ ಹೇಳುತ್ತಾರೆ.

3. ಡಾಕ್ಟರ ಹತ್ತಿರ ಮಾತಾಡಲು ಒಬ್ಬರನ್ನು ನಿಲ್ಲಿಸಿ

ನಮ್ಮ ಕಡೆಯವರು ಆಸ್ಪತ್ರೆಗೆ ಬಂದರೆ ಒಬ್ಬಿಬ್ಬರು ಬರುವುದಿಲ್ಲ. ದೊಡ್ಡಪ್ಪ, ಮಾವ, ಭಾವ, ನೆರೆಮನೆಯವರು, ಜೀಪಿನ ತುಂಬ ಬರುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಡಾಕ್ಟರು ಬೆಳಿಗ್ಗೆ ಒಬ್ಬರ ಹತ್ತಿರ ಒಂದು ಮಾತು, ಸಂಜೆ ಇನ್ನೊಬ್ಬರ ಹತ್ತಿರ ಇನ್ನೊಂದು ಮಾತು ಆಡಿದರೆ ಮನೆಯಲ್ಲಿ ಮೂರು ಕತೆ ಹುಟ್ಟುತ್ತದೆ. "ನಿನಗೆ ಹಾಗೆ ಹೇಳಿದ್ರಾ? ನನಗೆ ಹೀಗೆ ಹೇಳಿದ್ರು" ಅಂತ ಶುರುವಾಗಿ ಜಗಳದಲ್ಲಿ ಮುಗಿಯುತ್ತದೆ.

ಒಬ್ಬರನ್ನು ಆರಿಸಿ. ಹಿರಿಯರೇ ಆಗಬೇಕಂತಿಲ್ಲ. ಧೈರ್ಯ ಇರುವವರು, ಬರೆದುಕೊಳ್ಳುವವರು, ಮೊಬೈಲ್ ಯಾವಾಗಲೂ ಆನ್ ಇಡುವವರು ಆದರೆ ಸಾಕು. ಜೊತೆಗೆ ಇನ್ನೊಬ್ಬರು ಕೇಳಿಸಿಕೊಳ್ಳಲು ಇರಲಿ. ಉಳಿದವರಿಗೆಲ್ಲ ಅವರೇ ದಿನಕ್ಕೊಂದು ಸಲ ವಾಟ್ಸಾಪ್‌ನಲ್ಲಿ ತಿಳಿಸಲಿ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಿಸಿಕೊಳ್ಳಿ. ಗಡಿನಾಡಿನ ನಮಗೆ ಇದು ಹೊಸದಲ್ಲ ಅಲ್ವಾ? ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಸರಕಾರಿ ಕಾಗದ ಮಲಯಾಳದಲ್ಲಿ, ಆಸ್ಪತ್ರೆಯದ್ದು ಇಂಗ್ಲಿಷಿನಲ್ಲಿ. ಅರ್ಥವಾಗದೆ ತಲೆ ಅಲ್ಲಾಡಿಸಬೇಡಿ. ಮಂಗಳೂರಿನ ಐಸಿಯುನಲ್ಲಿ ಕನ್ನಡ, ತುಳು, ಮಲಯಾಳ ಬಲ್ಲ ಒಬ್ಬರಾದರೂ ಸಿಗುತ್ತಾರೆ. ಕೇಳಿದರೆ ಖಂಡಿತ ಕರೆಸುತ್ತಾರೆ.

ಇನ್ನೊಂದು ಚೀಟಿ ಬರೆದುಕೊಡಿ. ಅದನ್ನು ಮಂಚದ ಹತ್ತಿರ ಅಂಟಿಸಲು ನಾನು ಎಲ್ಲರಿಗೂ ಹೇಳುತ್ತೇನೆ. ಮನೆಯಲ್ಲಿ ಅವರನ್ನು ಏನಂತ ಕರೆಯುತ್ತಾರೆ, ಯಾವ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ, ಯಾವ ಕಿವಿ ಕೇಳುವುದಿಲ್ಲ, ಕನ್ನಡಕ, ಕಟ್ಟುಹಲ್ಲು ಉಂಟಾ, ಇಷ್ಟು ಸಾಕು. ಮಂಪರಿನಿಂದ ಏಳುವವರನ್ನು ಆಸ್ಪತ್ರೆ ಫೈಲಿನ ಹೆಸರಿನಿಂದ ಕೂಗಿದಾಗ ಕಣ್ಣು ಬಿಡದವರು "ಅಪ್ಪಚ್ಚಿ, ಕಣ್ಣ್ ಬಿಡಿ" ಅಂದ ಕೂಡಲೇ ತಿರುಗಿ ನೋಡಿದ್ದನ್ನು ಕಂಡಿದ್ದೇನೆ.

4. ರಕ್ತಕ್ಕೆ ಜನ ಸೇರಿಸಿ, ಆದರೆ ಒಮ್ಮೆಲೇ ಬೇಡ

ಎಕ್ಮೋ ಪೈಪಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಹೆಪಾರಿನ್ ಕೊಡುತ್ತಾರೆ. ಇನ್ನೊಂದು ಕಡೆ ಎದೆಯಲ್ಲಿ ಹಸಿ ಗಾಯ. ಅಲ್ಲಿ ಹೆಪ್ಪುಗಟ್ಟದಿದ್ದರೆ ರಕ್ತ ಸೋರುತ್ತದೆ. ಈ ಎರಡರ ನಡುವೆ ಸರಿತೂಗಿಸುವುದೇ ಆಪರೇಷನ್ ನಂತರದ ಎಕ್ಮೋದ ಅತಿ ಕಷ್ಟದ ಭಾಗ. ಹಾಗಾಗಿ ಮೊದಲ ದಿನ ಹೆಪಾರಿನ್ ಕೊಡದೆಯೂ ಇರಬಹುದು. ರಕ್ತಸ್ರಾವ ಹೆಚ್ಚಿದರೆ ಮತ್ತೆ ಥಿಯೇಟರಿಗೆ ಒಯ್ಯಬಹುದು. ಎಷ್ಟೋ ಸಲ ಎದೆಯನ್ನು ಪೂರ್ತಿ ಮುಚ್ಚದೆ ಡ್ರೆಸಿಂಗ್ ಹಾಕಿ ಇಟ್ಟಿರುತ್ತಾರೆ. ಕೇಳಿದಾಗ ಜೀವ ಹಾರಿಹೋದಂತಾಗುತ್ತದೆ. ಆದರೆ ಅದು ಬೇಕೆಂದೇ ಮಾಡುವುದು. ಊದಿಕೊಂಡ ಹಾರ್ಟಿಗೆ ಜಾಗ ಬೇಕು.

ಕೆಂಪು ರಕ್ತ, ಪ್ಲೇಟ್‌ಲೆಟ್, ಪ್ಲಾಸ್ಮಾ ಮೂರೂ ಬೇಕಾಗುತ್ತದೆ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಆದ್ದರಿಂದ ಊರಿನ ಕ್ಲಬ್ಬಿನ ಹುಡುಗರನ್ನೆಲ್ಲ ಒಂದೇ ದಿನ ಬಸ್ಸು ಮಾಡಿ ಕರೆತರಬೇಡಿ. ಪಟ್ಟಿ ಮಾಡಿ, ದಿನಕ್ಕೆ ಮೂರು ನಾಲ್ಕು ಜನ ಬರಲಿ. 18 ವರ್ಷ ದಾಟಿರಬೇಕು, 45 ಕಿಲೋಗಿಂತ ಹೆಚ್ಚು ತೂಕ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರಾದರೆ ಹಿಂದಿನ ಸಲ ಕೊಟ್ಟು ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಆಗಿರಬೇಕು. ಹೊಟ್ಟೆಗೆ ತಿಂದು ಬರಲಿ. ಬೆಳಗ್ಗಿನ ಲೋಕಲ್ ಹಿಡಿಯಲು ಖಾಲಿ ಹೊಟ್ಟೆಯಲ್ಲಿ ಓಡಿಬಂದು, ಅಲ್ಲಿ ಕಣ್ಣು ಕತ್ತಲೆ ಬಂದು ಕೂರುವವರು ಎಷ್ಟೋ ಜನ.

5. ಒಳಗೆ ಹೋದಾಗ ಏನು ನೋಡಬೇಕು

ಮೊದಲ ಸಲ ಒಳಗೆ ಹೋಗುವಾಗ ಕಾಲು ಗಟ್ಟಿ ಇರುವವರೇ ಹೋಗಿ. ಮುಖ ಊದಿರುತ್ತದೆ, ಮೈ ತಣ್ಣಗಿರಬಹುದು. ಕುತ್ತಿಗೆ, ತೊಡೆ, ಹೊಟ್ಟೆಯ ಮೇಲೆ ಎಲ್ಲ ಕಡೆ ಟ್ಯೂಬು. ಇದನ್ನು ನಾವು ಬಾಗಿಲಲ್ಲೇ ಹೇಳುತ್ತೇವೆ. ಆದರೂ ಅಮ್ಮಂದಿರಿಗೆ ತಡೆಯಲಾಗುವುದಿಲ್ಲ.

ಹೆಬ್ಬೆರಳು ದಪ್ಪದ ಎರಡು ಪೈಪುಗಳು ಕಾಣುತ್ತವೆ. ಒಂದರಲ್ಲಿ ಕಪ್ಪು ಛಾಯೆಯ ಕೆಂಪು, ಇನ್ನೊಂದರಲ್ಲಿ ಹೊಳೆಯುವ ಕೆಂಪು. ಕಪ್ಪು ಕೆಂಪಿನದ್ದು ಮೈಯಿಂದ ಹೊರಗೆ ಬರುವ ರಕ್ತ. ಹೊಳೆಯುವುದು ಆಮ್ಲಜನಕ ತುಂಬಿಕೊಂಡು ಒಳಗೆ ಹೋಗುವುದು. ಎರಡರ ಬಣ್ಣದಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತಿದ್ದರೆ ಡಬ್ಬಿ ತನ್ನ ಕೆಲಸ ಮಾಡುತ್ತಿದೆ ಅಂತ. ನಾವು ಆಗಾಗ ಟಾರ್ಚ್ ಹಿಡಿದು ಆ ಡಬ್ಬಿಯನ್ನೇ ಇಣುಕಿ ನೋಡುತ್ತಿರುತ್ತೇವೆ. ಒಳಗೆ ಕಪ್ಪು ಹೆಪ್ಪು, ಬಿಳಿ ಎಳೆ ಕಟ್ಟಿದೆಯಾ ಅಂತ ಹುಡುಕುವುದು.

ಮೆಷಿನ್ ಮೇಲೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಅಂಕೆ ಇರುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 3ರಿಂದ 5. ಆ ಅಂಕೆಯನ್ನು ಬರೆದಿಟ್ಟುಕೊಳ್ಳಿ.

ಇನ್ನು ಮಾನಿಟರ್. ಅದರಲ್ಲಿ ಬಿಪಿಯದ್ದು ಹೆಚ್ಚಾಗಿ ಕೆಂಪು ಗೆರೆ. ನಮಗೆ ನಿಮಗೆಲ್ಲ ಆ ಗೆರೆ ಅಲೆ ಅಲೆಯಾಗಿ ಏರಿಳಿಯುತ್ತದೆ. ಎಕ್ಮೋದಲ್ಲಿ ಪಂಪ್ ಒಂದೇ ಸಮನೆ ರಕ್ತ ತಳ್ಳುವುದರಿಂದ, ಹಾರ್ಟ್ ದುರ್ಬಲ ಇದ್ದಾಗ ಗೆರೆ ಬಹುತೇಕ ಚಪ್ಪಟೆ. ಅದನ್ನು ನೋಡಿ "ಹಾರ್ಟ್ ನಿಂತೇ ಹೋಗಿದೆ" ಅಂತ ಕುಸಿದು ಕೂತವರಿದ್ದಾರೆ. ಅಲ್ಲಿ ನಾವು ನೋಡುವುದು ಸರಾಸರಿ ಒತ್ತಡ. 65ರ ಆಸುಪಾಸು ಇದ್ದರೆ ಮೆದುಳು, ಕಿಡ್ನಿಗೆ ರಕ್ತ ಹೋಗುತ್ತಿದೆ ಅಂತ ಲೆಕ್ಕ. ದಿನ ಕಳೆದಂತೆ ಆ ಚಪ್ಪಟೆ ಗೆರೆಯಲ್ಲಿ ಸಣ್ಣ ಉಬ್ಬು, ಆಮೇಲೆ ಅಲೆ ಬಂದರೆ ಹಾರ್ಟ್ ತಾನಾಗಿ ಹಿಂಡಲು ಶುರು ಮಾಡಿದೆ. ನಮಗೆ ನರ್ಸುಗಳಿಗೆ ಡ್ಯೂಟಿಗೆ ಬಂದ ಕೂಡಲೇ ಕಣ್ಣು ಹೋಗುವುದೇ ಅಲ್ಲಿಗೆ.

ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ ಯಾವಾಗಲೂ ಬಲಗೈಯಲ್ಲೇ ಯಾಕೆ ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ತೊಡೆಯಿಂದ ಒಳಗೆ ಬಿಟ್ಟ ಎಕ್ಮೋ ರಕ್ತ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಹಾರ್ಟ್ ತಾನೇ ಹಿಂಡಿದ ರಕ್ತ ಮೇಲಿನಿಂದ ಬರುತ್ತದೆ, ಅದು ಮೊದಲು ತಲುಪುವುದು ಬಲಗೈ ಮತ್ತು ತಲೆಯನ್ನು. ಹಾರ್ಟ್ ಚೇತರಿಸಿ, ಶ್ವಾಸಕೋಶ ಇನ್ನೂ ಸರಿಯಾಗದಿದ್ದರೆ ಕಾಲಿನಲ್ಲಿ ಆಮ್ಲಜನಕ ಚೆನ್ನಾಗಿದ್ದು ತಲೆಗೆ ಕಡಿಮೆ ಆಗಬಹುದು. ಅದನ್ನು ಬೇಗ ಹಿಡಿಯಲು ಬಲಗೈ.

ಪೈಪ್ ಹಾಕಿದ ಕಾಲನ್ನು ಗಮನಿಸಿ. ದೊಡ್ಡ ಪೈಪ್ ಧಮನಿಯನ್ನು ತುಂಬಿಕೊಂಡರೆ ಪಾದಕ್ಕೆ ರಕ್ತ ಸಾಲದು. ಅದಕ್ಕಾಗಿ ಇನ್ನೊಂದು ಸಣ್ಣ ಪೈಪ್ ಕೆಳಮುಖವಾಗಿ ಹಾಕಿರುತ್ತಾರೆ. ನಾವು ಗಂಟೆಗೊಮ್ಮೆ ಪಾದ ಮುಟ್ಟಿ ನೋಡುತ್ತೇವೆ. ನಿಮ್ಮ ಕೈಗೆ ಒಂದು ಪಾದ ಇನ್ನೊಂದಕ್ಕಿಂತ ತುಂಬ ತಣ್ಣಗೆ, ಬಿಳಿಚಿಕೊಂಡಂತೆ ಕಂಡರೆ ಹೇಳಲು ಹಿಂಜರಿಯಬೇಡಿ.

ಮಳೆಗಾಲದಲ್ಲಿ ಎಲ್ಲರೂ ಕೇಳುವುದೊಂದು ಉಂಟು: "ಸಿಸ್ಟರ್, ಕರೆಂಟ್ ಹೋದ್ರೆ?" ಮೆಷಿನ್‌ಗೆ ಬ್ಯಾಟರಿ ಇದೆ, ಆಸ್ಪತ್ರೆಗೆ ಜನರೇಟರ್ ಇದೆ. ಅದೂ ಕೈಕೊಟ್ಟರೆ ಪಂಪನ್ನು ಕೈಯಲ್ಲಿ ತಿರುಗಿಸಲು ಒಂದು ಹಿಡಿಕೆ ಆ ಟ್ರಾಲಿಯಲ್ಲೇ ಇರುತ್ತದೆ. ಅದನ್ನು ತಿರುಗಿಸಲು ನಮಗೆ ಕಲಿಸಿರುತ್ತಾರೆ.

ಮಾತಾಡಿಸಿ. ಮಂಪರಿನ ಔಷಧಿ ಇದ್ದರೂ ಕೆಲವರಿಗೆ ಕೇಳಿಸುತ್ತದೆ. ತೋಟಕ್ಕೆ ಮದ್ದು ಬಿಟ್ಟಾಯಿತು, ಹಸು ಕರು ಹಾಕಿತು, ಮೊಮ್ಮಗು ಶಾಲೆಗೆ ಹೋಯಿತು, ಹೀಗೆ ದಿನದ ಸುದ್ದಿ ಹೇಳಿ. ಅಳು ಬಂದರೆ ಹೊರಗೆ ಬಂದು ಅಳಿ. ದೇವಸ್ಥಾನದ ಪ್ರಸಾದ, ದರ್ಗಾದ ನೂಲು ತಂದರೆ ನಾವು ಬೇಡ ಅನ್ನುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದಿಂಬಿನ ಹತ್ತಿರ ಇಡುತ್ತೇವೆ. ಮೈಗೆ ಹಚ್ಚುವುದು, ಬಾಯಿಗೆ ತೀರ್ಥ ಬಿಡುವುದು ಮಾತ್ರ ಬೇಡವೇ ಬೇಡ. ಸೋಂಕು ಎಕ್ಮೋ ರೋಗಿಯ ದೊಡ್ಡ ಶತ್ರು.

6. ದಿನಾ ಇದನ್ನು ಕೇಳಿ

"ಹೇಗಿದ್ದಾರೆ?" ಅಂದರೆ "ಹಾಗೇ ಇದ್ದಾರೆ" ಅಂತಲೇ ಉತ್ತರ ಸಿಗುವುದು. ಹೀಗೆ ಕೇಳಿ ನೋಡಿ:

"ಇವತ್ತಿನ ಎಕೋದಲ್ಲಿ ಹಾರ್ಟ್ ನಿನ್ನೆಗಿಂತ ಚೆನ್ನಾಗಿ ಹಿಂಡ್ತಾ ಉಂಟಾ? ಹಾರ್ಟಿನ ಔಷಧಿ ಕಡಿಮೆ ಮಾಡಿದ್ರಾ, ಜಾಸ್ತಿ ಮಾಡಿದ್ರಾ? ಮೂತ್ರ ಹೋಗ್ತಾ ಉಂಟಾ, ಡಯಾಲಿಸಿಸ್ ಬೇಕಾಯ್ತಾ? ಎಚ್ಚರ ಬಂದಾಗ ಕೈಕಾಲು ಎರಡೂ ಕಡೆ ಅಲ್ಲಾಡಿಸಿದ್ರಾ? ಇನ್ನೆಷ್ಟು ದಿನದಲ್ಲಿ ಏನಾಗಬೇಕು ಅಂತ ನೀವು ನೋಡ್ತಿದ್ದೀರಿ?"

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಆಪರೇಷನ್ ಹೊತ್ತಿಗೆ ಪೆಟ್ಟು ತಿಂದ ಹಾರ್ಟ್ ಚೇತರಿಸುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲೇ ಸುಳಿವು ಕೊಡುತ್ತದೆ. ಒಂದು ವಾರ ದಾಟಿದರೆ ಮೆಷಿನಿನಿಂದಲೇ ಬರುವ ತೊಂದರೆಗಳು ಏರುತ್ತಾ ಹೋಗುತ್ತವೆ. ಅಂದರೆ ರಕ್ತಸ್ರಾವ, ಪಾರ್ಶ್ವವಾಯು, ಕಿಡ್ನಿ ನಿಲ್ಲುವುದು, ಸೋಂಕು.

ಉಳಿಯುವ ಸಾಧ್ಯತೆ ಎಷ್ಟು ಅಂತ ಕೇಳುವ ಹಕ್ಕು ನಿಮಗಿದೆ. ಜಗತ್ತಿನ ದೊಡ್ಡ ದೊಡ್ಡ ಕೇಂದ್ರಗಳಲ್ಲೂ ಹಾರ್ಟ್ ಆಪರೇಷನ್ ಆದ ಮೇಲೆ ಎಕ್ಮೋ ಬೇಕಾದ ಹತ್ತು ಮಂದಿಯಲ್ಲಿ ಮನೆಗೆ ಹೋಗುವವರು ಸುಮಾರು ಮೂರು ನಾಲ್ಕು ಮಂದಿ. ಇದನ್ನು ಬರೆಯುವಾಗ ನನಗೂ ಕಷ್ಟವೇ. ಆದರೆ ಎಕ್ಮೋ ಇಲ್ಲದಿದ್ದರೆ ಆ ಹತ್ತರಲ್ಲಿ ಬಹುತೇಕ ಯಾರೂ ಉಳಿಯುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಿ.

7. ದುಡ್ಡಿನ ಮಾತು ಮೊದಲ ದಿನವೇ ಆಗಲಿ

ಎಕ್ಮೋ ಲಕ್ಷಗಟ್ಟಲೆ ಖರ್ಚಿನ ಕೆಲಸ. ಪೈಪು, ಪಂಪಿನ ತಲೆ, ಆಕ್ಸಿಜನೇಟರ್ ಇರುವ ಸೆಟ್ ಒಬ್ಬರಿಗೆ ಒಂದು. ಇನ್ನೊಬ್ಬರಿಗೆ ಬಳಸಲು ಬರುವುದಿಲ್ಲ. ಅದರ ಮೇಲೆ ಐಸಿಯು, ರಕ್ತ, ಟೆಸ್ಟು, ಡಯಾಲಿಸಿಸ್ ದಿನದಿನವೂ ಸೇರುತ್ತದೆ.

ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಆದರೆ ಗಡಿ ದಾಟಿದ ಮೇಲೆ ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದಾ, ನಡೆದರೂ ಎಕ್ಮೋ ಅದರೊಳಗೆ ಬರುತ್ತದಾ, ಇದನ್ನು ದಾಖಲಾಗುವ ಮೊದಲೇ ಅಲ್ಲಿನ ಆಯುಷ್ಮಾನ್ (ಸರಕಾರಿ ಆರೋಗ್ಯ ವಿಮೆ) ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಿ. ಮಗುವಿಗೆ ಹುಟ್ಟಿನಿಂದಲೇ ಹಾರ್ಟಿನ ತೊಂದರೆ ಆದರೆ ಕೇರಳ ಸರಕಾರದ ಹೃದ್ಯಂ ಯೋಜನೆ ಉಂಟು. ಆಪರೇಷನ್‌ಗೆ ಮೊದಲೇ ಹೆಸರು ಬರೆಸಬೇಕು. ರೇಷನ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟುಗಳ ಎರಡೆರಡು ಪ್ರತಿ ಚೀಲದಲ್ಲಿರಲಿ, ಮೊಬೈಲ್‌ನಲ್ಲೂ ಫೋಟೋ ಇರಲಿ.

ದಿನಾ ಬಿಲ್ಲಿನ ಲೆಕ್ಕ ಕೇಳಿ ಪಡೆಯಿರಿ. ಸೊಸೈಟಿಯಲ್ಲಿ ಚಿನ್ನ ಅಡವಿಡಲು ಊರಿಗೆ ಓಡುವ ಮೊದಲು ಮೇಲೆ ಹೇಳಿದ ಕೊನೆಯ ಪ್ರಶ್ನೆಯನ್ನು ಡಾಕ್ಟರ ಹತ್ತಿರ ಮತ್ತೊಮ್ಮೆ ಕೇಳಿ. ಇನ್ನೆಷ್ಟು ದಿನ, ಯಾವ ಗುರಿಗೆ? ದುಡ್ಡಿನ ಬಗ್ಗೆ ಕೇಳಿದರೆ ಅಪ್ಪನ ಮೇಲೆ ಪ್ರೀತಿ ಕಡಿಮೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ ಬೇಡ. ಹಾಸಿಗೆಯಲ್ಲಿರುವವರೂ ಮನೆ ಮುಳುಗಲಿ ಅಂತ ಬಯಸಿರುವುದಿಲ್ಲ.

8. ಮೆಷಿನ್ ಇಳಿಸುವ ಹೊತ್ತು

ಹಾರ್ಟ್ ಚೇತರಿಸುತ್ತಿದೆ ಅನಿಸಿದಾಗ ಹರಿವನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. 4 ಲೀಟರಿನಿಂದ 3, 2, ಕೊನೆಗೆ 1 ಅಥವಾ ಒಂದೂವರೆ. ಪಕ್ಕದಲ್ಲೇ ಎಕೋ ಇಟ್ಟುಕೊಂಡು ಹಾರ್ಟ್ ತಡೆದುಕೊಳ್ಳುತ್ತದಾ ಅಂತ ನೋಡುತ್ತಾರೆ. ನೀವು ಬರೆದಿಟ್ಟ ಅಂಕೆ ಈಗ ಉಪಯೋಗಕ್ಕೆ ಬರುತ್ತದೆ. ಬಿಪಿ ಕುಸಿದರೆ ಮತ್ತೆ ಏರಿಸುತ್ತಾರೆ. ಆ ದಿನ ಆಗಲಿಲ್ಲ ಅಂದರೆ ಸೋಲಲ್ಲ. ಎರಡನೇ ಸಲಕ್ಕೆ ಇಳಿದವರೂ ಇದ್ದಾರೆ. ಪೈಪ್ ತೆಗೆಯುವುದು ಹೆಚ್ಚಾಗಿ ಥಿಯೇಟರಿನಲ್ಲಿ, ಧಮನಿಗೆ ಹೊಲಿಗೆ ಹಾಕಿ. ಅದರ ನಂತರವೂ ಒಂದೆರಡು ದಿನ ಬಲೂನ್, ಔಷಧಿ ಮುಂದುವರಿಯಬಹುದು.

9. ಹಾರ್ಟ್ ಚೇತರಿಸದಿದ್ದರೆ

ಈ ಮಾತನ್ನು ಬಿಟ್ಟು ಬರೆದರೆ ಮೋಸವಾಗುತ್ತದೆ. ಮೆದುಳು ಚೆನ್ನಾಗಿದ್ದು, ಬೇರೆ ಅಂಗಗಳು ಗಟ್ಟಿ ಇದ್ದರೆ ಹಾರ್ಟ್ ಬದಲಿಸುವ ಬಗ್ಗೆ, ಅಥವಾ ಹೆಚ್ಚು ಕಾಲ ನಡೆಯುವ ಎಲ್‌ವ್ಯಾಡ್ ಎಂಬ ಪಂಪಿನ ಬಗ್ಗೆ ಡಾಕ್ಟರು ಮಾತಾಡಬಹುದು. ಹಾರ್ಟಿಗಾಗಿ ಕಾಯುವ ಪಟ್ಟಿ ಕೇರಳಕ್ಕೆ ಬೇರೆ, ಕರ್ನಾಟಕಕ್ಕೆ ಬೇರೆ. ಎಲ್ಲಿ ಹೆಸರು ಬರೆಸುವುದು ಒಳ್ಳೆಯದು ಅಂತ ಆ ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಹೇಳುತ್ತಾರೆ. ಇದು ಎಲ್ಲರಿಗೂ ಆಗುವ ದಾರಿಯಲ್ಲ.

ಯಾವುದೂ ಆಗದ ಹಂತ ಬಂದರೆ ಮೆಷಿನ್ ನಿಲ್ಲಿಸುವ ಮಾತು ಬರುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ದಾರಿ ಹೇಳಿತು, 2023ರಲ್ಲಿ ಅದನ್ನು ಸ್ವಲ್ಪ ಸುಲಭ ಮಾಡಿತು. ಒಬ್ಬ ಡಾಕ್ಟರ ತೀರ್ಮಾನ ಸಾಲದು, ಎರಡು ವೈದ್ಯಕೀಯ ಮಂಡಳಿಗಳು ನೋಡಿ ಒಪ್ಪಬೇಕು, ಮನೆಯವರ ಒಪ್ಪಿಗೆಯೂ ಬೇಕು. ಹಾಗಾಗಿ "ನಾವೇ ಕೊಂದ ಹಾಗಾಗ್ತದಾ?" ಅಂತ ಕೇಳುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಹಾರ್ಟ್ ಆಗಲೇ ಸೋತಾಗಿದೆ, ನೀವು ನಿಲ್ಲಿಸುತ್ತಿರುವುದು ಪಂಪನ್ನು. ಕೊನೆಗೆ ಹತ್ತಿರ ಕೂರಲು ಯಾರು ಯಾರು ಬರಬೇಕು ಅಂತ ಹೇಳಿ, ದೂರದವರು ತಲುಪುವವರೆಗೆ ಕಾಯಲು ಕೇಳಿ. ಬಹಳ ಕಡೆ ಒಪ್ಪುತ್ತಾರೆ.

10. ಮನೆಗೆ ಬಂದ ಮೇಲೆ

ಎಕ್ಮೋದಿಂದ ಬಂದವರು ಬೈಪಾಸ್ ಮಾಡಿಸಿಕೊಂಡ ಉಳಿದವರಂತೆ ಬೇಗ ಓಡಾಡುವುದಿಲ್ಲ. ತೊಡೆಯ ಮಾಂಸ ಕರಗಿರುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಪಾದ ಎತ್ತಿಡಲು ಕಷ್ಟ. ರಾತ್ರಿ ಕೆಟ್ಟ ಕನಸು, ಸಿಟ್ಟು, ಸುಮ್ಮನೆ ಅಳು, ಮರೆವು ಎಲ್ಲ ಇರಬಹುದು. ತಿಂಗಳುಗಳೇ ಬೇಕು. "ಬದುಕಿ ಬಂದಿದ್ದೀರಿ, ಇನ್ನೇನು ಅಳುವುದು" ಅನ್ನಬೇಡಿ. ಫಿಸಿಯೋಥೆರಪಿ ಬಿಡಬೇಡಿ, ಅಗತ್ಯವಿದ್ದರೆ ಮನಸ್ಸಿನ ಡಾಕ್ಟರಿಗೂ ತೋರಿಸಿ.

ಎದೆ ಎಲುಬು ಕೂಡಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿಯವರೆಗೆ ಬಾವಿಯಿಂದ ನೀರು ಸೇದುವುದು, ಕೊಡಪಾನ ಎತ್ತುವುದು, ತೆಂಗಿನಕಾಯಿ ಸುಲಿಯುವುದು, ಅಡಿಕೆ ಗೋಣಿ ಎಳೆಯುವುದು, ಸ್ಕೂಟರ್ ಬಿಡುವುದು ಯಾವುದೂ ಇಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿಯಲಿ. ಜೀಪಿನಲ್ಲಿ ಗುಡ್ಡದ ದಾರಿ ಹತ್ತುವಾಗಲೂ ಆ ದಿಂಬು ಇರಲಿ.

ಉಪ್ಪು ದಿನಕ್ಕೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಡುವುದು ನಮ್ಮವರಿಗೆ ಎಷ್ಟು ಕಷ್ಟ ಅಂತ ಗೊತ್ತು. ಆದರೆ ದುರ್ಬಲ ಹಾರ್ಟಿಗೆ ಅದು ಸೇರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ ಕ್ಯಾಲೆಂಡರಿನಲ್ಲೇ ಬರೆಯಿರಿ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ಏರಿದರೆ ಅದು ನೀರು. ಡಾಕ್ಟರಿಗೆ ಫೋನ್ ಮಾಡಿ.

ಲೋಹದ ವಾಲ್ವ್ ಹಾಕಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅದೇ ಜಾತಿಯ ಮಾತ್ರೆ ಜೀವನಪೂರ್ತಿ. ನಮ್ಮ ಶ್ರೀ ಚಿತ್ರಾದಲ್ಲೇ ತಯಾರಾಗಿ 1990ರಲ್ಲಿ ಮೊದಲ ಬಾರಿ ರೋಗಿಗೆ ಹಾಕಿದ ಚಿತ್ರಾ ವಾಲ್ವ್ ಕೂಡ ಇದೇ ಬಗೆಯದ್ದು. ಐಎನ್‌ಆರ್ ಎಂಬ, ರಕ್ತ ಎಷ್ಟು ನಿಧಾನ ಹೆಪ್ಪುಗಟ್ಟುತ್ತದೆ ಅಂತ ನೋಡುವ ಪರೀಕ್ಷೆಯಲ್ಲಿ ಹೆಚ್ಚಾಗಿ 2ರಿಂದ 3, ಮೈಟ್ರಲ್ (ಹಾರ್ಟಿನ ಎಡಗಡೆಯ ಎರಡು ಕೋಣೆಗಳ ನಡುವಿನ) ಜಾಗದ ಲೋಹದ ವಾಲ್ವ್ ಆದರೆ 2.5ರಿಂದ 3.5 ಇರಬೇಕು. ಸೊಪ್ಪು ಈ ಮಾತ್ರೆಯ ಬಲ ಕುಗ್ಗಿಸುತ್ತದೆ, ಹಾಗಂತ ಬಸಳೆ, ಹರಿವೆ, ನುಗ್ಗೆಸೊಪ್ಪು ತಿನ್ನಬಾರದು ಅಂತಿಲ್ಲ. ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂತ ಆಗಬಾರದು, ಅಷ್ಟೆ. ನೋವಿಗೆ ಅಂಗಡಿಯ ಮಾತ್ರೆ, ಹೊಸ ಕಷಾಯ ಕೇಳದೆ ಬೇಡ.

ಊರಿನ ಹತ್ತಿರದ ಒಬ್ಬ ಡಾಕ್ಟರಿಗೆ ಡಿಸ್ಚಾರ್ಜ್ ಕಾಗದ ಮೊದಲ ವಾರವೇ ತೋರಿಸಿಡಿ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಎಷ್ಟೋ ರೋಗಿಗಳು ದಾರಿಯಲ್ಲೇ ಸಿಕ್ಕಿಕೊಂಡರು. ಅಂಥ ಹೊತ್ತಿಗೆ ಗಡಿಯ ಈಚೆಗೂ ನಿಮ್ಮ ಕೇಸು ಗೊತ್ತಿರುವ ಒಬ್ಬರು ಬೇಕು.

ಜ್ವರ 100.4 ಡಿಗ್ರಿ ದಾಟಿದರೆ, ಎದೆಯ ಅಥವಾ ತೊಡೆಯ ಗಾಯದಲ್ಲಿ ಕೀವು ಬಂದರೆ, ಎದೆ ಎಲುಬಿನಲ್ಲಿ ಕಟಕಟ ಸದ್ದು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕಾಲು ಏಕಾಏಕಿ ತಣ್ಣಗಾಗಿ ನೋಯುವುದು, ಮಲಗಿದರೆ ಉಸಿರು ಕಟ್ಟುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹೊರಡುವಾಗಲೇ ಐಸಿಯು ನಂಬರಿಗೂ ಒಂದು ಕರೆ ಮಾಡಿ ತಿಳಿಸಿ.